ಓಡುವ ಅಕ್ಷರ, ಓದುವವರಾರು?

ಬೆಂಗಳೂರಾಗಲಿ, ಮೈಸೂರಾಗಲಿ, ಹುಬ್ಬಳ್ಳಿಯಾಗಲಿ, ಎರಡನೆಯ ತರಗತಿಯಲ್ಲಿ ಓದುವ ಮಗುವಿರುವ ಮನೆಯಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿಗೆ ನಾಲ್ಕು ಗೆರೆಯ ಪುಸ್ತಕವೊಂದು ತೆರೆದುಕೊಳ್ಳುವುದು ಇಂದಿಗೂ ವಾಡಿಕೆ. ಮೇಲೊಂದು ಕೆಳಗೊಂದು ಕೆಂಪು ಗೆರೆ, ನಡುವೆ ಎರಡು ನೀಲಿ ಗೆರೆ. ಮಗು ನಾಲಗೆಯ ತುದಿಯನ್ನು ತುಟಿಯಂಚಿಗೆ ತಂದುಕೊಂಡು, ಇಂಗ್ಲಿಷಿನ ಅಕ್ಷರಗಳು ಒಂದರ ಕೈಯನ್ನೊಂದು ಹಿಡಿದು ನಡೆಯುವಂತೆ ಬರೆಯಲು ಹೆಣಗುತ್ತದೆ. ‘ಎಫ್’ನ ಕೆಳಗಿನ ಕುಣಿಕೆ ಗೆರೆಯನ್ನು ಮುಟ್ಟಲಿಲ್ಲವೆಂದು ತಾಯಿ ರಬ್ಬರನ್ನು ಎತ್ತಿಕೊಳ್ಳುತ್ತಾಳೆ. ಶಾಲೆಯ ಮಾತಿನಲ್ಲಿ ಕರ್ಸಿವ್ ಎನಿಸಿಕೊಂಡ ಈ ಕೂಡುಬರಹಕ್ಕಾಗಿ ಸುರಿದ ಕಣ್ಣೀರನ್ನು ಅಳೆದಿಟ್ಟವರಿಲ್ಲ.

ಅದೇ ಮಗು ಹತ್ತು ಹನ್ನೆರಡು ವರ್ಷಗಳ ತರುವಾಯ ಕಾಲೇಜಿಗೆ ಹೋಗುವಾಗ ಅದರ ಪುಸ್ತಕವನ್ನು ತೆರೆದು ನೋಡಬೇಕು. ಅಕ್ಷರಗಳು ಕೈ ಬಿಟ್ಟುಕೊಂಡಿರುತ್ತವೆ. ಕೆಲವು ಕೂಡಿ, ಕೆಲವು ಬಿಡಿಯಾಗಿ, ಜಾತ್ರೆಯಿಂದ ಮರಳುವ ಜನರಂತೆ ಮನಬಂದ ಹಾಗೆ ನಡೆದಿರುತ್ತವೆ. ಮುಂದೆ ನೌಕರಿ ದೊರೆತ ಮೇಲೆ ಲೇಖನಿಯೆಂಬುದು ಸಹಿಗೆ ಮಾತ್ರ. ಉಳಿದುದೆಲ್ಲವೂ ಬೆರಳ ತುದಿಯ ಕೆಲಸ, ಗಾಜಿನ ಮೇಲಿನ ಕೆಲಸ. ಹಾಗಾದರೆ ಕೂಡುಬರಹವನ್ನು ದಿನಬಳಕೆಯಲ್ಲಿ ಇನ್ನೂ ಯಾರಾದರೂ ಬರೆಯುತ್ತಿದ್ದಾರೆಯೆ? ಇಲ್ಲವೆಂದಾದರೆ ಆ ಕಣ್ಣೀರೇಕೆ?

ಈ ಪ್ರಶ್ನೆಯನ್ನು ಎಲ್ಲರಿಗಿಂತ ಮೊದಲೇ ಕೇಳಿಕೊಂಡು, ಎಲ್ಲರಿಗಿಂತ ಅವಸರದಿಂದ ಉತ್ತರ ಕೊಟ್ಟುಕೊಂಡವರು ಅಮೆರಿಕದವರು. 2010ರಲ್ಲಿ ಅಲ್ಲಿ ಹಲವು ರಾಜ್ಯಗಳಿಗೆ ಸಮಾನವಾದ ಪಠ್ಯಕ್ರಮವೊಂದು ಸಿದ್ಧವಾಯಿತು. ಅದರಲ್ಲಿ ಕೀಲಿಮಣೆಯ ಅಭ್ಯಾಸಕ್ಕೆ ಸ್ಥಾನ ದೊರೆಯಿತು. ಕೂಡುಬರಹದ ಹೆಸರೇ ಬರಲಿಲ್ಲ. ನಿಷೇಧವೇನೂ ಇರಲಿಲ್ಲ, ಆದರೆ ಪರೀಕ್ಷೆಗೆ ಬಾರದುದನ್ನು ಕಲಿಸುವ ಶಾಲೆಗಳು ಅಲ್ಲಿಯೂ ವಿರಳ. ಹನ್ನೆರಡು ವರ್ಷಗಳಲ್ಲಿ ಫಲ ಕಣ್ಣಿಗೆ ಬಿತ್ತು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷೆಯಾಗಿದ್ದ ಇತಿಹಾಸಕಾರ್ತಿ ಡ್ರೂ ಗಿಲ್ಪಿನ್ ಫೌಸ್ಟ್ ಅವರು 2022ರಲ್ಲಿ ಒಂದು ಲೇಖನ ಬರೆದರು. ತಮ್ಮ ತರಗತಿಯಲ್ಲಿ ಅಮೆರಿಕದ ಅಂತರ್ಯುದ್ಧದ ಇತಿಹಾಸವನ್ನು ಓದುತ್ತಿದ್ದ ವಿದ್ಯಾರ್ಥಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿಗೆ ಕೂಡುಬರಹವನ್ನು ಓದಲು ಬರುವುದಿಲ್ಲವೆಂದು ತಿಳಿದು ಅವರು ಬೆರಗಾದರಂತೆ. ಬರೆಯಲು ಬಾರದವರು ಇನ್ನೂ ಹೆಚ್ಚು. ವರ್ಜೀನಿಯಾ ವುಲ್ಫ್ ಕುರಿತು ಪ್ರಬಂಧ ಬರೆಯಲಿದ್ದ ವಿದ್ಯಾರ್ಥಿಯೊಬ್ಬನು ಆಕೆಯ ಕೈಬರಹದ ಪತ್ರಗಳನ್ನು ಓದಲಾಗದೆ ವಿಷಯವನ್ನೇ ಕೈಬಿಟ್ಟನು. ಅಧ್ಯಾಪಕರು ಉತ್ತರಪತ್ರಿಕೆಯ ಅಂಚಿನಲ್ಲಿ ಬರೆದ ಟಿಪ್ಪಣಿಯನ್ನು ಓದಲು ಬಾರದೆ ಹಾಗೆಯೇ ಬಿಟ್ಟುಬಿಡುವವರೂ ಇದ್ದರು. ಇವರಾರೂ ಅವಿದ್ಯಾವಂತರಲ್ಲ, ಆ ದೇಶದ ಆಯ್ದ ಬುದ್ಧಿವಂತರು. ಓದಲಾಗದೆ ಹೋದುದು ತಾಳೆಗರಿಯನ್ನಲ್ಲ, ತಮ್ಮ ಗುರುಗಳ ಕೈಬರಹವನ್ನು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಬರೆಯುವುದು ನಿಂತರೆ ಹೋಗುವುದು ಒಂದು ಕೈಚಳಕ. ಓದುವುದು ನಿಂತರೆ ಹೋಗುವುದು, ಅದುವರೆಗೆ ಆ ಕೈಚಳಕದಿಂದ ಬರೆದಿಟ್ಟುದೆಲ್ಲವೂ. ಈ ಎರಡು ನಷ್ಟಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವುದರಿಂದಲೇ ಕೂಡುಬರಹದ ಚರ್ಚೆಯೆಲ್ಲವೂ ದಾರಿ ತಪ್ಪುತ್ತದೆ.

ಅಕ್ಷರಗಳನ್ನು ಕೂಡಿಸಿದವರಾದರೂ ಅಲಂಕಾರಕ್ಕಾಗಿ ಕೂಡಿಸಲಿಲ್ಲ. ಕರ್ಸಿವ್ ಎಂಬ ಮಾತಿನ ಮೂಲದಲ್ಲಿರುವುದು ಓಡುವುದು ಎಂಬರ್ಥದ ಲ್ಯಾಟಿನ್ ಧಾತು. ಹಕ್ಕಿಯ ಗರಿಯನ್ನು ಕೊರೆದು ಮಸಿಯಲ್ಲಿ ಅದ್ದಿ ಬರೆಯುತ್ತಿದ್ದ ಕಾಲದಲ್ಲಿ, ಗರಿಯನ್ನು ಕಾಗದದಿಂದ ಎತ್ತಿ ಮತ್ತೆ ಊರಿದಾಗಲೆಲ್ಲ ಮಸಿ ತೊಟ್ಟಿಕ್ಕುವ ಭಯ. ಎತ್ತದೆ ಎಳೆದುಕೊಂಡು ಹೋದರೆ ಕಾಗದವೂ ಚೊಕ್ಕಟ, ಕೆಲಸವೂ ಬೇಗ. ವ್ಯಾಪಾರಿಯ ಗುಮಾಸ್ತನಿಗೆ ಬೇಕಾದುದು ಇಷ್ಟೆ. ಅಮೆರಿಕದಲ್ಲಿ ಪ್ಲಾಟ್ ರೋಜರ್ಸ್ ಸ್ಪೆನ್ಸರ್ ಎಂಬ ಶಿಕ್ಷಕನು ಹತ್ತೊಂಬತ್ತನೆಯ ಶತಮಾನದಲ್ಲಿ ಬಳ್ಳಿಯಂತೆ ಬಳುಕುವ ಬರವಣಿಗೆಯೊಂದನ್ನು ರೂಪಿಸಿದನು; ಅವನು 1864ರಲ್ಲಿ ತೀರಿಕೊಂಡ ಮೇಲೂ ಕಚೇರಿಗಳೂ ಶಾಲೆಗಳೂ ಅದನ್ನೇ ಹಿಡಿದು ನಡೆದವು. 1886ರಲ್ಲಿ ಅಟ್ಲಾಂಟಾ ನಗರದ ಫ್ರಾಂಕ್ ರಾಬಿನ್ಸನ್ ಎಂಬ ಲೆಕ್ಕದ ಗುಮಾಸ್ತನು ಹೊಸದೊಂದು ಪಾನೀಯಕ್ಕೆ ಹೆಸರಿಟ್ಟು, ಆ ಹೆಸರನ್ನು ತನಗೆ ರೂಢಿಯಾಗಿದ್ದ ಸ್ಪೆನ್ಸರನ ಅಕ್ಷರದಲ್ಲಿಯೇ ಬರೆದನು. ಕೋಕಾ-ಕೋಲಾ ಸೀಸೆಯ ಮೇಲೆ ಇಂದಿಗೂ ಇರುವುದು ಅದೇ. ಕೂಡುಬರಹವನ್ನು ಓದಲಾರೆನೆನ್ನುವ ಹುಡುಗನೂ ಆ ಒಂದು ಹೆಸರನ್ನು ತಡವರಿಸದೆ ಓದುತ್ತಾನೆ!

ಓಡುವ ಅಕ್ಷರಕ್ಕೆ ಮೊದಲ ಪೆಟ್ಟು ಕೊಟ್ಟುದು ಕಂಪ್ಯೂಟರ್ ಎಂದು ತಿಳಿದವರೇ ಹೆಚ್ಚು. ಆ ಕೀರ್ತಿ ವಾಸ್ತವವಾಗಿ ಬಾಲ್‌ಪೆನ್ನಿಗೆ ಸಲ್ಲಬೇಕು. ಹಂಗೆರಿಯ ಲಾಸ್ಲೋ ಬೀರೋ 1938ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. 1950ರಲ್ಲಿ ಫ್ರಾನ್ಸಿನ ಬಿಕ್ ಕಂಪನಿ ಅದನ್ನು ಅಗ್ಗ ಮಾಡಿತು. ಮಸಿಯ ಪೆನ್ನು ಕಾಗದದ ಮೇಲೆ ಜಾರುತ್ತದೆ, ಓರೆಯಾಗಿ ಹಿಡಿದರೆ ಸಾಕು. ಬಾಲ್‌ಪೆನ್ನನ್ನಾದರೋ ನೆಟ್ಟಗೆ ಹಿಡಿದು ಒತ್ತಬೇಕು. ಒತ್ತಿ ಒತ್ತಿ ಒಂದೇ ಎಳೆತದಲ್ಲಿ ಪುಟಗಟ್ಟಲೆ ಓಡಿದರೆ ಬೆರಳಿನ ಗೆಣ್ಣು ನೋಯುತ್ತದೆ. ಆದ್ದರಿಂದ ಕೈ ತಾನಾಗಿ ನಡುನಡುವೆ ನಿಲ್ಲಲು ಕಲಿಯುತ್ತದೆ. ಮಸಿ ತೊಟ್ಟಿಕ್ಕುವ ಭಯವೂ ತೀರಿತು. ಕೂಡಿಸಬೇಕಾದ ಕಾರಣವೂ ಅರ್ಧ ತೀರಿತು. ಹಿಂದಿನ ಮೇಷ್ಟ್ರುಗಳು ತರಗತಿಯಲ್ಲಿ ಬಾಲ್‌ಪೆನ್ನನ್ನು ಕಂಡರೆ ಕಿಡಿಕಾರುತ್ತಿದ್ದುದು ಕೇವಲ ಹಟವಾಗಿರಲಿಲ್ಲ.

ಇದು ಇಂಗ್ಲಿಷಿನ ಕತೆ, ಕನ್ನಡಕ್ಕೆ ಇದರ ಸೋಂಕಿಲ್ಲ ಎಂದು ಕೆಲವರು ಭಾವಿಸಬಹುದು. ಅಚ್ಚಿನ ಕನ್ನಡ ಅಕ್ಷರಗಳು ಬಿಡಿಬಿಡಿಯಾಗಿ, ದುಂಡಗೆ, ಮುತ್ತಿನಂತೆ ಕುಳಿತಿರುತ್ತವೆ ಎಂಬುದು ನಿಜ. ಶಾಲೆಯಲ್ಲಿ ಕಲಿಸುವುದೂ ಹಾಗೆಯೆ. ಆದರೆ ಶಾನುಭೋಗರು ಹಾಗೆ ಬರೆಯಲಿಲ್ಲ. ಹಳೆಯ ಕ್ರಯಪತ್ರವನ್ನೋ, ಪಾಲುಪಟ್ಟಿಯನ್ನೋ ಪೆಟ್ಟಿಗೆಯಿಂದ ತೆಗೆದವರಿಗೆ ಈ ಅನುಭವವಿರುತ್ತದೆ. ತಲೆಕಟ್ಟುಗಳೆಲ್ಲ ಒಂದೇ ಎಳೆಯಾಗಿ ಓಡಿ, ಕೊಂಬು ಇಳಿಗಳು ಕರಗಿ, ಪದಕ್ಕೂ ಪದಕ್ಕೂ ನಡುವೆ ತೆರಪಿಲ್ಲದೆ, ಪುಟವಿಡೀ ಒಂದೇ ಬೇಲಿಯಂತೆ ಕಾಣುತ್ತದೆ. ಅಕ್ಷರ ಕನ್ನಡವೇ, ಭಾಷೆಯೂ ಕನ್ನಡವೇ. ಕನ್ನಡದಲ್ಲಿ ಪದವಿ ಪಡೆದವರಿಗೂ ಎರಡು ಸಾಲು ದಾಟುವುದು ದುಸ್ತರ. ಇದಕ್ಕೆ ಮೋಡಿ ಅಕ್ಷರವೆಂದು ಹೆಸರು. ಮಾಟಗಾರನ ಆಟಕ್ಕೂ ಕನ್ನಡದಲ್ಲಿ ಮೋಡಿ ಎಂದೇ ಹೆಸರಿರುವುದು ಕೇವಲ ಆಕಸ್ಮಿಕವಾದರೂ, ಪತ್ರ ಹಿಡಿದು ಕುಳಿತವರಿಗೆ ಹಾಗೆ ತೋರುವುದಿಲ್ಲ.

ಕಾಗದ ದುರ್ಲಭವಾಗಿದ್ದ ಕಾಲದಲ್ಲಿ ಇಂಥ ಲೆಕ್ಕಗಳನ್ನು ಬರೆಯುತ್ತಿದ್ದುದು ಕಡತದಲ್ಲಿ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಿಳಿಯ ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದು; ಶಾಲೆಯ ಕರಿಹಲಗೆಯೇ ಮಡಿಸಿದ ಪುಸ್ತಕವಾದಂತೆ. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ. ಸರಕಾರಿ ಕಚೇರಿಯಲ್ಲಿ ಕಡತ ಮುಂದೆ ಹೋಗಲಿಲ್ಲವೆಂದು ಗೊಣಗುವವರು ನೆನೆಯುವುದೂ, ತಿಳಿಯದೆಯೇ, ಆ ಕಪ್ಪು ಬಟ್ಟೆಯ ಹೆಸರನ್ನೇ.

ಬೆಳಗಾವಿ, ಧಾರವಾಡ, ವಿಜಯಪುರಗಳ ಕಡೆಯಲ್ಲಿ ಮೋಡಿಯೆಂದರೆ ಇನ್ನೊಂದು ಲಿಪಿಯೂ ಉಂಟು. ಅದು ಮರಾಠಿಯ ಓಡುವ ಲಿಪಿ. ದೇವಗಿರಿಯ ಯಾದವರ ಮಂತ್ರಿಯಾಗಿದ್ದ ಹೇಮಾದ್ರಿಯು ಹದಿಮೂರನೆಯ ಶತಮಾನದಲ್ಲಿ ಇದನ್ನು ಬಳಕೆಗೆ ತಂದನೆಂಬ ಪ್ರತೀತಿಯಿದೆ. ಮೊದಲು ಪುಟದ ಉದ್ದಕ್ಕೂ ಗೆರೆಯೆಳೆದುಕೊಂಡು, ಬಳಿಕ ಲೇಖನಿಯನ್ನು ಎತ್ತದೆ, ಒಣಹಾಕಿದ ಬಟ್ಟೆಗಳಂತೆ ಅಕ್ಷರಗಳನ್ನು ಆ ಗೆರೆಗೆ ತೂಗುಹಾಕುತ್ತ ಹೋಗುವುದು ಅದರ ಪದ್ಧತಿ. ಹ್ರಸ್ವದೀರ್ಘಗಳ ಭೇದವನ್ನು ಅದು ಅಷ್ಟಾಗಿ ಎಣಿಸುವುದಿಲ್ಲ. ಪೇಶ್ವೆಯರ ಆಡಳಿತ ನಡೆದುದೆಲ್ಲ ಇದರಲ್ಲಿಯೆ. ಅಚ್ಚಿನ ಮನೆಗಳು ನಾಗರಿಯನ್ನು ಆರಿಸಿಕೊಂಡುದರಿಂದ ಮೋಡಿ ಹಿಂದೆ ಸರಿಯುತ್ತ ಬಂದು, 1950ರ ಸುಮಾರಿಗೆ ಶಾಲೆ ಕಚೇರಿಗಳಿಂದ ಹೊರಟೇಹೋಯಿತು. ಆಗ ಅದಕ್ಕಾಗಿ ಕಣ್ಣೀರು ಹಾಕಿದವರು ಹೆಚ್ಚಿರಲಾರರು. ಎರಡು ಲಿಪಿಗಳನ್ನು ಕಲಿಯುವ ಕಷ್ಟ ಮಕ್ಕಳಿಗೆ ತಪ್ಪಿತೆಂದು ಸಂತೋಷಪಟ್ಟವರೇ ಹೆಚ್ಚು.

ಎಪ್ಪತ್ತು ವರ್ಷ ಕಳೆಯಿತು. 2023ರಲ್ಲಿ ಮಹಾರಾಷ್ಟ್ರ ಸರಕಾರವು, ಮರಾಠಾ ಕುಟುಂಬಗಳ ಪೂರ್ವಿಕರನ್ನು ಕುಣಬಿಗಳೆಂದು ನಮೂದಿಸಿದ ಹಳೆಯ ದಾಖಲೆಗಳನ್ನು ಹುಡುಕುವುದಕ್ಕಾಗಿ ನಿವೃತ್ತ ನ್ಯಾಯಮೂರ್ತಿ ಸಂದೀಪ ಶಿಂದೆಯವರ ಸಮಿತಿಯನ್ನು ನೇಮಿಸಿತು. ಅಂಥ ದಾಖಲೆ ದೊರೆತ ಕುಟುಂಬಕ್ಕೆ ಹಿಂದುಳಿದ ವರ್ಗದ ಮೀಸಲಾತಿಯ ಪ್ರಮಾಣಪತ್ರ. ಕಂದಾಯ ಕಚೇರಿಗಳ ಗಂಟುಗಳನ್ನು ಬಿಚ್ಚಿದರೆ ರಾಶಿರಾಶಿಯಾಗಿ ಮೋಡಿ! ಮೋಡಿ ಓದಬಲ್ಲವರನ್ನು ಜಿಲ್ಲೆ ಜಿಲ್ಲೆಗಳಲ್ಲಿ ಹುಡುಕಿ ಕರೆಸಬೇಕಾಯಿತು. ಮೀಸಲಾತಿಯ ವಿವಾದದ ನ್ಯಾಯಾನ್ಯಾಯಗಳು ಬೇರೆ ಮಾತು. ಒಬ್ಬ ತರುಣನ ಕಾಲೇಜು ಪ್ರವೇಶವೂ ನೌಕರಿಯೂ, ಅವನ ಮುತ್ತಜ್ಜನ ಕಾಲದ ಗುಮಾಸ್ತನೊಬ್ಬನು ಅವಸರದಲ್ಲಿ ಎಳೆದ ಒಂದು ಪದದ ಮೇಲೆ ನಿಂತವು. ಆ ಪದವನ್ನು ಓದಬಲ್ಲವರು ಬೆರಳೆಣಿಕೆಯ ಮಂದಿ. ಲಿಪಿಯನ್ನು ಕೈಬಿಟ್ಟ ದಿನ ಯಾರೂ ಈ ಖರ್ಚನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಜರ್ಮನಿಯಲ್ಲಂತೂ ಇದು ಒಂದು ತಲೆಮಾರಿನೊಳಗೇ ನಡೆದುಹೋಯಿತು. ಲುಡ್ವಿಗ್ ಜ್ಯೂಟರ್ಲಿನ್ ಎಂಬ ಚಿತ್ರಕಾರನು ರೂಪಿಸಿದ ಶಾಲಾಬರಹವನ್ನು ಪ್ರಷ್ಯಾದ ಮಕ್ಕಳು 1915ರಿಂದ ಕಲಿಯತೊಡಗಿದರು. ಅದರಲ್ಲಿ ‘ಇ’ ಅಕ್ಷರವು ‘ಎನ್’ನಂತೆ ಕಾಣುತ್ತದೆ, ‘ಯು’ವನ್ನು ಗುರುತಿಸುವುದಕ್ಕೆ ತಲೆಯ ಮೇಲೊಂದು ಬಿಲ್ಲು. 1941ರಲ್ಲಿ ನಾಜಿ ಸರಕಾರವು ಒಂದು ಆಜ್ಞೆಯಿಂದ ಈ ಬಗೆಯ ಬರಹವನ್ನೆಲ್ಲ ಶಾಲೆಗಳಿಂದ ತೆಗೆದುಹಾಕಿತು. ಯುದ್ಧರಂಗದಿಂದ ತಂದೆ ಬರೆದ ಪತ್ರಗಳು ಮನೆಯ ಕಪಾಟಿನಲ್ಲಿ ಉಳಿದವು. ಅವನ್ನು ಓದಬಲ್ಲ ಕಣ್ಣುಗಳು ಒಂದೊಂದಾಗಿ ಮುಚ್ಚಿದವು. ಹಾಂಬುರ್ಗ್ ನಗರದಲ್ಲಿ ವೃದ್ಧರ ತಂಡವೊಂದು ಇಂಥ ಪತ್ರಗಳನ್ನು, ದಿನಚರಿಗಳನ್ನು, ಅಡಿಗೆಯ ಪುಸ್ತಕಗಳನ್ನು ಓದಿ ಇಂದಿನ ಅಕ್ಷರಕ್ಕೆ ಇಳಿಸಿಕೊಡುವ ಕೆಲಸವನ್ನು ಕೈಗೆತ್ತಿಕೊಂಡಿತು. ಮೊಮ್ಮಗನಿಗೆ ತನ್ನ ಅಜ್ಜಿಯ ಪತ್ರವನ್ನು ಓದಿ ಹೇಳಲು ಪರರ ಅಜ್ಜಿ ಬೇಕಾಯಿತು.

ಕರ್ನಾಟಕದ ಲೆಕ್ಕವನ್ನೂ ಇಷ್ಟು ನೋಡಬಹುದು. ಶಾನುಭೋಗಿಕೆಯ ವಂಶಪಾರಂಪರ್ಯದ ಹಕ್ಕು 1961ರ ಕಾಯಿದೆಯಿಂದ ಕೊನೆಗೊಂಡು, 1963ರಲ್ಲಿ ಅದು ಜಾರಿಗೆ ಬಂದಿತು. ತಂದೆಯಿಂದ ಮಗನಿಗೆ ಇಳಿದುಬರುತ್ತಿದ್ದ ಆ ಓಡುಬರಹದ ವಿದ್ಯೆಯೂ ಅಲ್ಲಿಗೇ ನಿಂತಿತು. 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಕೈಬರಹದ ಪಹಣಿಗೆ ಬೆಲೆಯಿಲ್ಲದಾಯಿತು. ಲಂಚಕೋರರ ಒಂದು ದಾರಿ ಮುಚ್ಚಿತೆಂದು ರೈತರು ನಿಟ್ಟುಸಿರು ಬಿಟ್ಟರೆ ತಪ್ಪಲ್ಲ. 2024ರಲ್ಲಿ ‘ಭೂ ಸುರಕ್ಷಾ’ ಎಂಬ ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳ ಛಾಯಾಚಿತ್ರ ತೆಗೆದಿಡುವ ಕಾರ್ಯವೂ ಆರಂಭವಾಯಿತು. ಕಾಗದವನ್ನು ಇನ್ನು ಗೆದ್ದಲು ತಿನ್ನದು, ಮಳೆ ನೆನೆಸದು, ಸರಿ. ಆದರೆ ಚಿತ್ರ ತೆಗೆಯುವ ಯಂತ್ರವು ಓದುವುದಿಲ್ಲ. ಓದಲಾಗದ ಪುಟದ ಚಿತ್ರವೂ ಓದಲಾಗದ ಪುಟವೇ. ದಾಯಾದಿಗಳ ವ್ಯಾಜ್ಯದಲ್ಲಿ ಆ ಪುಟ ಬೇಕಾದ ದಿನ, ಉಪನೋಂದಣಿ ಕಚೇರಿಯ ಸುತ್ತಮುತ್ತ ಹಳೆಯ ಪತ್ರ ಬರಹಗಾರನನ್ನೇ ಹುಡುಕಿಕೊಂಡು ಹೋಗಬೇಕು.

ಓದುವ ಯಂತ್ರಗಳೂ ಬಂದಿವೆಯಲ್ಲ ಎಂದು ಈ ಕಾಲದ ತರುಣರು ಕೇಳಿಯಾರು. ಬಂದಿರುವುದು ನಿಜ. ಆಸ್ಟ್ರಿಯಾದ ಇನ್ಸ್‌ಬ್ರುಕ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ‘ಟ್ರಾನ್ಸ್‌ಕ್ರೈಬಸ್’ ಯುರೋಪಿನ ಹಳೆಯ ಕೈಬರಹಗಳನ್ನು ಚೆನ್ನಾಗಿಯೇ ಓದುತ್ತದೆ. ಆದರೆ ಅದಕ್ಕೆ ಪಾಠ ಹೇಳುವವರು ಬೇಕು. ಮನುಷ್ಯನೊಬ್ಬನು ನೂರಾರು ಪುಟಗಳನ್ನು ತಾನೇ ಓದಿ, ಇದು ಇಂಥ ಅಕ್ಷರ ಎಂದು ತೋರಿಸಿಕೊಟ್ಟ ಮೇಲೆಯೇ ಅದರ ಜಾಣತನ. ಓದುವವರೇ ಇಲ್ಲದ ಬರಹವನ್ನು ಯಂತ್ರಕ್ಕೆ ಕಲಿಸುವವರಾರು? ಅಮೆರಿಕದ ರಾಷ್ಟ್ರೀಯ ಪತ್ರಾಗಾರವು ಸ್ವಾತಂತ್ರ್ಯಯುದ್ಧದ ಕಾಲದ ಸೈನಿಕರ ಪಿಂಚಣಿ ಅರ್ಜಿಗಳೇ ಮೊದಲಾದವನ್ನು ಓದಿಕೊಡುವುದಕ್ಕಾಗಿ ಸಾವಿರಾರು ಸ್ವಯಂಸೇವಕರನ್ನು ಕೂಡಿಸಿಕೊಂಡಿದೆ. ಕೂಡುಬರಹ ಓದಲು ಬರುವುದೇ ಅಲ್ಲಿ ಈಗ ಒಂದು ವಿಶೇಷ ಯೋಗ್ಯತೆ. ಐವತ್ತು ವರ್ಷಗಳ ಹಿಂದೆ ಅದು ಹತ್ತು ವರ್ಷದ ಪ್ರತಿ ಬಾಲಕನ ಯೋಗ್ಯತೆಯಾಗಿತ್ತು!

ಇನ್ನು ಬರೆಯುವ ಮಾತು. ದಿನಬಳಕೆಯಲ್ಲಿ ಕೈಬರಹ ಸತ್ತಿದೆಯೆಂಬುದು ಪೂರ್ಣ ಸತ್ಯವಲ್ಲ. ಈ ದೇಶದಲ್ಲಿ ಪರೀಕ್ಷೆಗಳು ಅದನ್ನು ಬದುಕಿಸಿಟ್ಟಿವೆ. ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಯಿಂದ ಹಿಡಿದು ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯ ಒಂಬತ್ತು ಪತ್ರಿಕೆಗಳನ್ನು ಬರೆಯುವ ಅಭ್ಯರ್ಥಿಯವರೆಗೆ ಎಲ್ಲರೂ ಗಡಿಯಾರದೊಡನೆ ಪಂದ್ಯ ಕಟ್ಟಿ ಕೈಯಿಂದಲೇ ಬರೆಯಬೇಕು. ಅಲ್ಲಿಯೂ ನಾಲ್ಕು ಗೆರೆಯ ಶುದ್ಧ ಕೂಡುಬರಹವೇ ಗೆಲ್ಲುವುದೆಂದಿಲ್ಲ. ಅಮೆರಿಕದ ಸ್ಟೀವ್ ಗ್ರಹಾಂ ಮತ್ತು ಸಂಗಡಿಗರು 1998ರಲ್ಲಿ ಮಕ್ಕಳ ಬರವಣಿಗೆಯನ್ನು ಪರೀಕ್ಷಿಸಿ ಕಂಡುಕೊಂಡುದೇನೆಂದರೆ, ಅರ್ಧ ಕೂಡಿಸಿ ಅರ್ಧ ಬಿಡಿಸಿ ಬರೆಯುವವರೇ ಎಲ್ಲರಿಗಿಂತ ವೇಗಿಗಳು. ಕಾಲೇಜಿನ ಹುಡುಗನ ಆ ಜಾತ್ರೆಯ ಅಕ್ಷರಕ್ಕೂ ಒಂದು ಸಮರ್ಥನೆ ದೊರೆತಂತಾಯಿತು. ವೈದ್ಯರ ಕೂಡುಬರಹದ ಸೊಬಗು ಎಲ್ಲರೂ ಬಲ್ಲುದೆ. ಔಷಧಿಯ ಚೀಟಿಯನ್ನು ಸ್ಪಷ್ಟವಾಗಿ, ಆದಷ್ಟು ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮವನ್ನೇ ಮಾಡಬೇಕಾಯಿತು. ಓದಲಾಗದ ಓಟ ಪ್ರಾಣಕ್ಕೆ ಮುಳುವಾಗುವೆಡೆಯಲ್ಲಿ ಅಕ್ಷರ ನಿಂತು ನಡೆಯುವುದೇ ಸರಿ.

ಕೂಡುಬರಹದಿಂದ ಬುದ್ಧಿ ಬೆಳೆಯುತ್ತದೆಂದು ಸಾರುವವರೂ ಇದ್ದಾರೆ. ಅವರು ತೋರಿಸುವ ಪ್ರಮಾಣಗಳಲ್ಲಿ 2024ರಲ್ಲಿ ನಾರ್ವೆಯಿಂದ ಪ್ರಕಟವಾದ ಸಂಶೋಧನೆ ಮುಖ್ಯವಾದುದು. ಮೂವತ್ತಾರು ವಿದ್ಯಾರ್ಥಿಗಳ ತಲೆಗೆ ತಂತಿಗಳ ಟೊಪ್ಪಿಗೆ ತೊಡಿಸಿ ನೋಡಿದಾಗ, ಕೀಲಿಯೊತ್ತುವಾಗಿಗಿಂತ ಕೈಯಿಂದ ಬರೆಯುವಾಗ ಮಿದುಳಿನ ಭಾಗಗಳ ನಡುವೆ ಹೆಚ್ಚಿನ ಸಂಪರ್ಕ ಕಂಡುಬಂದಿತು. ಆದರೆ ಕೀಲಿಯೊತ್ತುವವರಿಗೆ ಅಲ್ಲಿ ಒಂದೇ ಬೆರಳನ್ನು ಬಳಸಲು ಹೇಳಲಾಗಿತ್ತು. ಮೇಲಾಗಿ ಅದು ಕೈಬರಹವನ್ನು ಕೀಲಿಮಣೆಯೊಡನೆ ಹೋಲಿಸಿತೇ ಹೊರತು ಕೂಡಿಸಿದ ಅಕ್ಷರವನ್ನು ಬಿಡಿ ಅಕ್ಷರದೊಡನೆ ಹೋಲಿಸಲಿಲ್ಲ. ಮಕ್ಕಳು ಕೈಯಿಂದ ಬರೆಯಬೇಕೆನ್ನುವುದಕ್ಕೆ ಅದು ಆಧಾರವಾದೀತು. ನಾಲ್ಕು ಗೆರೆಯ ಶಿಕ್ಷೆಗೆ ಆಗಲಾರದು.

ಫಿನ್ಲೆಂಡಿನವರು 2016ರಿಂದ ಕೂಡುಬರಹವನ್ನು ಕಡ್ಡಾಯದಿಂದ ಬಿಡಿಸಿದರು. ಫ್ರಾನ್ಸಿನಲ್ಲಿ ಆರು ವರ್ಷದ ಮಗು ಇಂದಿಗೂ ಅದನ್ನೇ ಕಲಿಯುತ್ತದೆ. ಅಮೆರಿಕದಲ್ಲಿ ಪಶ್ಚಾತ್ತಾಪದ ಗಾಳಿ ಬೀಸಿದೆ: ಕ್ಯಾಲಿಫೋರ್ನಿಯಾ ರಾಜ್ಯವು 2023ರ ಅಕ್ಟೋಬರಿನಲ್ಲಿ ಕಾಯಿದೆ ಮಾಡಿ, ಒಂದರಿಂದ ಆರನೆಯ ತರಗತಿಯವರೆಗೆ ಕೂಡುಬರಹವನ್ನು ಮತ್ತೆ ಪಾಠಕ್ಕೆ ಸೇರಿಸಿತು. ಮಸೂದೆ ತಂದ ಶಾಸಕಿ ಶ್ಯಾರನ್ ಕ್ವರ್ಕ್-ಸಿಲ್ವಾ ಮೊದಲು ಶಾಲೆಯಲ್ಲಿ ಶಿಕ್ಷಕಿಯಾಗಿದ್ದವರು. ಆದರೆ ಸುಂದರವಾಗಿ ಬರೆಯಲು ವರ್ಷಗಳು ಬೇಕು. ಬರೆದುದನ್ನು ಓದಲು ಕಲಿಯುವುದಕ್ಕೆ ಕೆಲವು ವಾರಗಳ ಅಭ್ಯಾಸ ಸಾಕು. ಮಗುವಿನ ಸಂಜೆಗಳನ್ನು ರಬ್ಬರಿಗೆ ಬಲಿಕೊಡುವ ಶಾಲೆಗಳು, ಹಳೆಯ ಪತ್ರವೊಂದನ್ನು ಓದಿಸುವ ಒಂದೇ ಒಂದು ಪಾಠವನ್ನು ಇಟ್ಟುಕೊಂಡಿಲ್ಲದಿರುವುದು ಸೋಜಿಗವಲ್ಲವೆ? ಶಾನುಭೋಗರ ಅಕ್ಷರವಂತೂ ಯಾವ ತರಗತಿಗೂ ಸೇರಿಲ್ಲ.

ಅದುವರೆಗೆ ಕೆಲಸ ಮನೆಯಲ್ಲಿಯೇ ಆಗಬೇಕು. ಭಾನುವಾರದ ಮಧ್ಯಾಹ್ನ ಹಿರಿಯರ ಮುಂದೆ ತಗಡಿನ ಪೆಟ್ಟಿಗೆಯನ್ನಿಟ್ಟು, ಅವರು ಓದಿದುದನ್ನು ಫೋನಿನಲ್ಲಿ ಹಿಡಿದುಕೊಂಡು, ಪುಟದ ಚಿತ್ರವನ್ನೂ ಜೊತೆಗಿಟ್ಟರೆ ಸಾಕು. ಅಕ್ಷರ ಯಾವುದು, ಮಾತು ಯಾವುದು ಎಂದು ಮುಂದಿನವರು ಹೊಂದಿಸಿಕೊಂಡಾರು. ಇನ್‌ಲೆಂಡ್ ಪತ್ರಗಳಿದ್ದರೆ ಅಂಚಿನಿಂದ ಆರಂಭಿಸುವುದು ಮೇಲು. ಕ್ಷೇಮಸಮಾಚಾರಗಳಿಗೆಲ್ಲ ಒಳಗೆ ಸ್ಥಳ ಹಿಡಿದು, ಸಾಲದ ಬಾಕಿ, ಮಗಳ ಕಾಯಿಲೆ, ಮುರಿದುಹೋದ ಸಂಬಂಧ ಇಂಥವು ಕೊನೆಗೆ ನೆನಪಾಗಿ, ಮಡಿಸುವ ಅಂಚಿನಲ್ಲಿ ಅಡ್ಡಲಾಗಿ, ಚಿಕ್ಕದಾಗಿ, ಅವಸರದಿಂದ ಓಡಿರುತ್ತವೆ. ಅಂಟು ಹತ್ತಿ ಹರಿದಿರುವುದೂ ಅಲ್ಲಿಯೆ.